ಅಜ್ಜ ಇದ್ದರೆ ದೇಶ ಉಂಟು

1990ರ ಜೂನ್ 25ರಂದು ಇಟಲಿಯ ಜಿನೋವಾದಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ ಪಂದ್ಯದಲ್ಲಿ ಐರ್ಲೆಂಡ್ ಮತ್ತು ರುಮೇನಿಯಾ ತಂಡಗಳು ಎರಡು ಗಂಟೆ ಬೆವರು ಸುರಿಸಿ, ಒಂದೂ ಗೋಲು ಹೊಡೆಯಲಾಗದೆ, ಕೊನೆಗೆ ಪೆನಾಲ್ಟಿಯ ಮೊರೆ ಹೋದವು. ಇಡೀ ದೇಶ ಉಸಿರು ಬಿಗಿಹಿಡಿದು ಕೂತಿದೆ ಎಂದು ಐರಿಷ್ ಟಿ.ವಿ.ಯ ಕಾಮೆಂಟೇಟರ್ ಜಾರ್ಜ್ ಹ್ಯಾಮಿಲ್ಟನ್ ಅಂದು ಆಡಿದ ಮಾತು ಆ ನಾಡಿನಲ್ಲಿ ಇವತ್ತಿಗೂ ಮನೆಮಾತು. ಉಸಿರು ಬಿಗಿಹಿಡಿದದ್ದು ಐರ್ಲೆಂಡ್, ಸರಿ. ಚೆಂಡು ಒದೆಯಲು ಹೋದವರು ಯಾರು? ಮೊದಲನೆಯವ ಕೆವಿನ್ ಶೀಡಿ, ಹುಟ್ಟಿದ್ದು ವೇಲ್ಸ್‌ನಲ್ಲಿ. ಎರಡನೆಯವ ರೇ ಹೌಟನ್, ಸ್ಕಾಟ್ಲೆಂಡಿನ ಗ್ಲಾಸ್ಗೊದವ. ಮೂರನೆಯವ ಆಂಡಿ ಟೌನ್‌ಸೆಂಡ್, ಇಂಗ್ಲೆಂಡಿನ ಮೇಡ್‌ಸ್ಟನ್‌ನವ. ಐದನೆಯವ ಡೇವಿಡ್ ಒಲಿಯರಿ ಲಂಡನ್ನಿನಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಬೆಳೆದವ. ಇವರನ್ನೆಲ್ಲ ಕಟ್ಟಿಕೊಂಡು ಬಂದ ಕೋಚ್ ಜಾಕ್ ಚಾರ್ಲ್ಟನ್ 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಡಿಫೆಂಡರ್. ಮಣ್ಣಿನ ಮಗ ಎನ್ನಬಹುದಾಗಿದ್ದವನು ಗೋಲುಪೆಟ್ಟಿಗೆ ಕಾಯುತ್ತಿದ್ದ ಡೊನೆಗಾಲ್‌ನ ಪ್ಯಾಕಿ ಬಾನರ್. ಅವನು ಒದೆಯಬೇಕಾಗಿರಲಿಲ್ಲ, ತಡೆದರೆ ಸಾಕಿತ್ತು. ತಡೆದ.

ನಾಲ್ಕನೆಯವನು ಬಿಟ್ಟುಹೋದ ಅಂದಿರಾ? ಅವನೇ ಇವತ್ತಿನ ಕಥಾನಾಯಕ. ಹೆಸರು ಟೋನಿ ಕ್ಯಾಸ್ಕರಿನೊ. ಹೆಸರು ಕೇಳಿದರೆ ಇಟಲಿಯವನು, ಮಾತು ಕೇಳಿದರೆ ಲಂಡನ್ನಿನವನು, ತೊಟ್ಟ ಅಂಗಿ ಮಾತ್ರ ಐರ್ಲೆಂಡಿನ ಹಸಿರು. 1962ರಲ್ಲಿ ಆಗ ಕೆಂಟ್ ಕೌಂಟಿಯಲ್ಲಿದ್ದ ಸೇಂಟ್ ಪಾಲ್ಸ್ ಕ್ರೇ ಎಂಬಲ್ಲಿ ಹುಟ್ಟಿದ ಈ ಆರಡಿ ಮೀರಿದ ಆಸಾಮಿ ಓಡಿ ಬಂದು ಒದ್ದ. ಬೂಟು ಮೊದಲು ತಗುಲಿದ್ದು ನೆಲಕ್ಕೆ. ಹುಲ್ಲಿನ ಹೆಂಟೆಯೊಂದು ಕಿತ್ತು ಮೇಲೆದ್ದಿತು. ಚೆಂಡೂ ಹೆಂಟೆಯೂ ಜೋಡಿಯಾಗಿ ಹೊರಟವು. ಚೆಂಡು ಹೇಗೋ ಗೋಲ್‌ಕೀಪರನನ್ನು ತಪ್ಪಿಸಿ ಒಳಗೆ ಬಿತ್ತು. ಪೆನಾಲ್ಟಿಗೆ ಅಂದಚಂದದ ಅಂಕ ಇಲ್ಲವಲ್ಲ, ಒಳಗೆ ಬಿದ್ದರಾಯಿತು. ಐರ್ಲೆಂಡ್ ಕ್ವಾರ್ಟರ್ ಫೈನಲ್‌ಗೆ ಹೋಯಿತು. ಡಬ್ಲಿನ್ನಿನ ಬೀದಿಯಲ್ಲಿ ಗುರುತು ಪರಿಚಯ ಇಲ್ಲದವರೆಲ್ಲ ತಬ್ಬಿಕೊಂಡು ಅತ್ತರು. ತಂಡ ಅಲ್ಲಿಯವರೆಗೆ ಆಡಿದ ನಾಲ್ಕು ಪಂದ್ಯಗಳಲ್ಲಿ ನೇರವಾಗಿ ಒಂದನ್ನೂ ಗೆದ್ದಿರಲಿಲ್ಲ, ಹೊಡೆದದ್ದು ಒಟ್ಟು ಎರಡೇ ಗೋಲು. ಆ ಲೆಕ್ಕ ತೆಗೆಯುವ ಪಾಪಿ ಯಾರೂ ಇರಲಿಲ್ಲ. ಆಟಗಾರರು ರೋಮಿಗೆ ಹೋಗಿ, ಹರೆಯದಲ್ಲಿ ತಾವೂ ಗೋಲ್‌ಕೀಪರ್ ಆಗಿದ್ದ ಪೋಪ್ ಎರಡನೇ ಜಾನ್ ಪಾಲರ ಆಶೀರ್ವಾದ ಪಡೆದರು. ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯ ಸ್ಕಿಲಾಚಿ ಒಂದು ಗೋಲು ಹೊಡೆದ, ಇವರು ಊರಿಗೆ ಬಂದರು. ಆಶೀರ್ವಾದಕ್ಕೂ ಆಫ್‌ಸೈಡ್ ಇರುತ್ತದೆ.

ಈಗ ವಂಶಾವಳಿಗೆ ಬರೋಣ. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಆಟಗಾರ ಹುಟ್ಟಿದ ದೇಶಕ್ಕೇ ಆಡಬೇಕೆಂದಿಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದವರಾದರೂ ದಾರಿ ಉಂಟು. ಐರ್ಲೆಂಡಿನ ಪೌರತ್ವ ಕಾನೂನು ಕೂಡ ಮೊಮ್ಮಕ್ಕಳ ತನಕ ಕೈಚಾಚುತ್ತದೆ. ಈ ಬಾಗಿಲನ್ನು ಜಾಕ್ ಚಾರ್ಲ್ಟನ್ ಕೀಲು ಕಳಚುವಷ್ಟು ಅಗಲವಾಗಿ ತೆರೆದ. ಇಂಗ್ಲೆಂಡಿನ ಲೀಗಿನಲ್ಲಿ ಆಡುತ್ತಿದ್ದು, ಇಂಗ್ಲೆಂಡ್ ತಂಡ ತಿರುಗಿ ನೋಡದ ಹುಡುಗನೊಬ್ಬ ಸಿಕ್ಕರೆ ಮೊದಲ ಪ್ರಶ್ನೆ ಕಾಲಿನದಲ್ಲ, ಅಜ್ಜಿಯದು. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಜಾನ್ ಆಲ್ಡ್ರಿಜ್‌ಗೆ ಅಥ್‌ಲೋನ್ ಕಡೆಯ ಅಜ್ಜಿ ಸಿಕ್ಕಳು. ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್.ಎ.ಐ.ಗೆ ‘ಫೈಂಡ್ ಅನದರ್ ಐರಿಷ್‌ಮನ್’ ಎಂದು ಪಡ್ಡೆಗಳು ವಿಸ್ತರಣೆ ಕೊಟ್ಟಿದ್ದು ಆ ಕಾಲದಲ್ಲೇ.

ನಗುವುದು ಸುಲಭ. ಆದರೆ ಈ ಅಜ್ಜ ಅಜ್ಜಿಯರು ಸಮುದ್ರ ದಾಟಿ ಅಲ್ಲಿಗೆ ಏಕೆ ಹೋಗಿದ್ದರು ಎಂದು ಕೇಳಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಮಂದಿ ಐರ್ಲೆಂಡ್ ತೊರೆದರು, ಹೆಚ್ಚಿನವರು ಹೋದದ್ದು ಇಂಗ್ಲೆಂಡಿಗೆ. ಗಂಡಸರು ರಸ್ತೆ ಅಗೆದರು, ಇಟ್ಟಿಗೆ ಹೊತ್ತರು. ಹೆಂಗಸರು ಆಸ್ಪತ್ರೆಗಳಲ್ಲಿ, ಅನ್ಯರ ಮನೆಗಳಲ್ಲಿ ದುಡಿದರು. ಹಡಗು ಹತ್ತಿಸುವಾಗ ದೇಶ ಅವರಿಗೆ ಬುತ್ತಿ ಕಟ್ಟಿ ಕೊಡಲಿಲ್ಲ. ಹಿಂದೆ ಬನ್ನಿ ಎಂದು ಕರೆಯಲೂ ಇಲ್ಲ. ಎರಡು ತಲೆಮಾರು ಕಳೆದ ಮೇಲೆ ಒಂದು ದಿನ ಫೋನು ಬಂತು. ನಿಮ್ಮ ಮೊಮ್ಮಗ ಹೆಡರ್ ಚೆನ್ನಾಗಿ ಹೊಡೆಯುತ್ತಾನಂತೆ, ಅವನನ್ನು ಕಳಿಸಿಕೊಡಿ. ಅವನ ತಮ್ಮ? ತಮ್ಮ ಗಾರೆ ಕೆಲಸದವನಾದರೆ ಅವನು ಅಲ್ಲೇ ಇರಲಿ. ರಕ್ತದ ಕರೆ ಎಂದರೆ ಇದೇ. ಅದು ಲೀಗ್ ಪಟ್ಟಿ ನೋಡಿಕೊಂಡು ಕರೆಯುತ್ತದೆ.

ಟೋನಿಯ ಪುರಾಣ ಶುರುವಾಗುವುದೂ ವಸ್ತು ವಿನಿಮಯದಿಂದಲೇ. ಕ್ರಾಕನ್‌ಹಿಲ್ ಎಂಬ ಹವ್ಯಾಸಿ ತಂಡದಿಂದ ಅವನನ್ನು ಗಿಲ್ಲಿಂಗ್‌ಹ್ಯಾಮ್ ಕ್ಲಬ್ ಕೊಂಡದ್ದು ಒಂದಷ್ಟು ಟ್ರ್ಯಾಕ್‌ಸೂಟ್ ಕೊಟ್ಟು ಎಂಬುದು ಫುಟ್‌ಬಾಲ್ ಲೋಕದ ಜನಪ್ರಿಯ ಕಥೆ. ಮೇಲೊಂದಿಷ್ಟು ತಗಡಿನ ಶೀಟನ್ನೂ ಸೇರಿಸಿ ಹೇಳುವವರಿದ್ದಾರೆ. ಕಥೆ ಹೇಳುವವನ ಮನೆ ಸೋರುತ್ತಿದ್ದರೆ ತಗಡು ಬಂದೇ ಬರುತ್ತದೆ. ಅಲ್ಲಿಂದ 1987ರಲ್ಲಿ ಮಿಲ್‌ವಾಲ್‌ಗೆ ಹೋದ. ಜೊತೆಗಾರ ಟೆಡ್ಡಿ ಶೆರಿಂಗ್‌ಹ್ಯಾಮ್, ಮುಂದೆ ಎಷ್ಟೋ ವರ್ಷಗಳಾದ ಮೇಲೆ ನಮ್ಮ ಕೋಲ್ಕತ್ತದ ಎ.ಟಿ.ಕೆ. ತಂಡಕ್ಕೆ ಕೋಚ್ ಆಗಿ ಬಂದು ಹೋದವನು. ಈ ಜೋಡಿ ಮಿಲ್‌ವಾಲ್ ಅನ್ನು ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಮೇಲಿನ ದರ್ಜೆಗೆ ಏರಿಸಿತು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಯಾವಾಗ ಬೆಲೆ ಏರಿತೋ ಆಗ ಗೋಲು ಇಳಿಯಿತು. 1990ರಲ್ಲಿ ಆಸ್ಟನ್ ವಿಲ್ಲಾ 15 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಲೀಗ್ ಗೆಲ್ಲಲು ಇವನೊಬ್ಬ ಸಾಕು ಎಂಬ ಲೆಕ್ಕ. ವಿಲ್ಲಾ ಎರಡನೇ ಸ್ಥಾನಕ್ಕೆ ಬಂತು. ಮರುವರ್ಷ ಗ್ಲಾಸ್ಗೊದ ಸೆಲ್ಟಿಕ್ 11 ಲಕ್ಷ ಪೌಂಡ್ ಸುರಿಯಿತು, ಲೀಗಿನಲ್ಲಿ ಬಂದದ್ದು 4 ಗೋಲು. ತಲಾ ಎಷ್ಟು ಬಿತ್ತು ಎಂದು ನೀವೇ ಭಾಗಿಸಿ ನೋಡಿ. ಅಲ್ಲಿಂದ ಚೆಲ್ಸಿಗೆ ದಾಟಿಸಿದ್ದು ಟಾಮ್ ಬಾಯ್ಡ್ ಎಂಬ ಆಟಗಾರನ ಬದಲಿಗೆ. ಟ್ರ್ಯಾಕ್‌ಸೂಟಿನಿಂದ ಮನುಷ್ಯನ ಮಟ್ಟಕ್ಕೆ ಏರಿದ್ದ ಎನ್ನುವುದಷ್ಟೇ ಸಮಾಧಾನ. 1994ರಲ್ಲಿ ಚೆಲ್ಸಿ ಕೂಡ ಕೈಬಿಟ್ಟಿತು. ವಯಸ್ಸು 32ರ ಹತ್ತಿರ. ಪತ್ರಿಕೆಗಳು ಶ್ರದ್ಧಾಂಜಲಿ ಬರೆದು ಮಡಿಚಿಟ್ಟಿದ್ದವು.

ಆಗ ಫ್ರಾನ್ಸಿನ ಮಾರ್ಸೇ ಕರೆಯಿತು. ಆ ಕ್ಲಬ್ಬಿನ ಕಥೆ ಟೋನಿಯದಕ್ಕಿಂತ ರಸವತ್ತಾದದ್ದು. 1993ರಲ್ಲಿ ಎ.ಸಿ. ಮಿಲಾನ್ ಅನ್ನು ಸೋಲಿಸಿ ಯುರೋಪಿಯನ್ ಕಪ್ ಗೆದ್ದ ತಂಡ ಅದು. ಆದರೆ ಫೈನಲ್‌ಗೆ ಮೊದಲು ತನ್ನ ಆಟಗಾರರು ಗಾಯಗೊಳ್ಳಬಾರದೆಂದು, ಲೀಗಿನ ಎದುರಾಳಿ ವಾಲೆನ್ಸಿಯೆನ್ ತಂಡದವರಿಗೆ ಮೆತ್ತಗೆ ಆಡಿ ಎಂದು ಲಂಚ ಕೊಟ್ಟು ಸಿಕ್ಕಿಬಿತ್ತು. ಎರಡೂವರೆ ಲಕ್ಷ ಫ್ರಾಂಕ್ ಆಟಗಾರನೊಬ್ಬನ ಸಂಬಂಧಿಕರ ಮನೆಯ ಹಿತ್ತಿಲಲ್ಲಿ ಹೂತದ್ದು ಹೂತಂತೆಯೇ ಸಿಕ್ಕಿತು. ಹಿತ್ತಿಲ ಗಿಡ ಮದ್ದಲ್ಲ ಎಂಬುದು ಅಲ್ಲಿಯೂ ನಿಜವಾಯಿತು. ಕ್ಲಬ್ಬನ್ನು ಎರಡನೇ ದರ್ಜೆಗೆ ಇಳಿಸಿದರು, ಮಾಜಿ ಮಂತ್ರಿಯೂ ಆಗಿದ್ದ ಮಾಲೀಕ ಬೆರ್ನಾರ್ ಟಾಪಿ ಮುಂದೆ ಜೈಲಿಗೂ ಹೋಗಿಬಂದ. ಇಂಥ ಮನೆಗೆ ಕಾಸು ಕೊಡದೆ ಸಿಕ್ಕ ಅಳಿಯ ನಮ್ಮ ಟೋನಿ. ಎರಡೂವರೆ ಋತುಗಳಲ್ಲಿ 61 ಲೀಗ್ ಗೋಲು ಹೊಡೆದ! ಮಾರ್ಸೇ ಜನ ಅವನಿಗೆ ಟೋನಿ ಗೋಲ್ ಎಂದು ಹೆಸರಿಟ್ಟರು. ಲಕ್ಷಗಟ್ಟಲೆ ಪೌಂಡ್ ಕೊಟ್ಟವರಿಗೆ ಕೈಕೊಟ್ಟು ಪುಕ್ಕಟೆ ಕರೆದವರಿಗೆ ಕೈತುಂಬ ಕೊಟ್ಟ. ಅಲ್ಲಿ ತನಗೆ ಚುಚ್ಚುತ್ತಿದ್ದ ಇಂಜೆಕ್ಷನ್‌ನಲ್ಲಿ ಏನಿತ್ತೆಂದು ತನಗೇ ಗೊತ್ತಿರಲಿಲ್ಲ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ನಾನ್ಸಿ ಕ್ಲಬ್ಬಿಗೆ ಹೋದ ಮೇಲೂ ಮೂರು ವರ್ಷ ಗೋಲು ಹೊಡೆಯುವುದು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು.

ಇಷ್ಟರ ನಡುವೆ ದೇಶಸೇವೆ ಸಾಗಿಯೇ ಇತ್ತು. 1985ರ ಸೆಪ್ಟೆಂಬರ್‌ನಲ್ಲಿ ಬರ್ನ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಮೊದಲ ಪಂದ್ಯ. ಅಮ್ಮನ ಅಪ್ಪ ಐರ್ಲೆಂಡಿನ ಮೇಯೋ ಕಡೆಯವರು, ಅಷ್ಟು ಸಾಕಾಯಿತು. ಚಾರ್ಲ್ಟನ್ ತಂಡದಲ್ಲಿ ಸ್ಟ್ರೈಕರ್ ಎಂದರೆ ಗೋಲು ಹೊಡೆಯುವವನು ಎಂದು ತಿಳಿಯಬೇಡಿ. ಹಿಂದಿನಿಂದ ಆಕಾಶಕ್ಕೆ ಒದ್ದ ಚೆಂಡು ಕೆಳಗಿಳಿಯುವ ಜಾಗದಲ್ಲಿ ತಲೆ ಕೊಟ್ಟು ನಿಲ್ಲುವವನು. ಇಟಲಿಯ ವಿಶ್ವಕಪ್‌ನಲ್ಲಿ ಮೊದಲ ಎರಡು ಪಂದ್ಯ ಹೀಗೆ ತಲೆ ಕೊಟ್ಟ ಟೋನಿಯನ್ನು ಮೂರನೆಯದಕ್ಕೆ ಬೆಂಚಿಗೆ ಕೂರಿಸಿ ನಿಯಾಲ್ ಕ್ವಿನ್‌ನನ್ನು ಇಳಿಸಿದರು. ಜಿನೋವಾದಲ್ಲಿ ಆಲ್ಡ್ರಿಜ್ ಗಾಯಗೊಂಡದ್ದರಿಂದಲೇ ಇವನಿಗೆ ಮೈದಾನ ಸಿಕ್ಕಿದ್ದು.

1996ರ ಸುಮಾರಿಗೆ, ಐರಿಷ್ ಪಾಸ್‌ಪೋರ್ಟಿನ ಕೆಲಸ ಎದ್ದಾಗ, ಅಮ್ಮ ಮಗನನ್ನು ಕೂರಿಸಿಕೊಂಡು ಗುಟ್ಟು ಬಿಚ್ಚಿದಳು. ಮೇಯೋದ ಆ ಅಜ್ಜ ತನ್ನನ್ನು ಹೆತ್ತ ಅಪ್ಪನಲ್ಲ, ತನ್ನನ್ನು ದತ್ತು ತೆಗೆದುಕೊಂಡವರು. ಅಂದರೆ ಹನ್ನೊಂದು ವರ್ಷ ರಾಷ್ಟ್ರಗೀತೆಗೆ ಎದ್ದು ನಿಂತ ಟೋನಿಯ ಮೈಯಲ್ಲಿ ಐರ್ಲೆಂಡಿನ ರಕ್ತ ಒಂದು ತೊಟ್ಟೂ ಇಲ್ಲ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಗಳಿಗೆ ಇಳಿವಯಸ್ಸಿನಲ್ಲಿ ಇಂಥದ್ದೇ ಸತ್ಯ ಎದುರಾಗುತ್ತದೆ. ಜನ್ಮವಿಡೀ ಕಾಪಾಡಿದ ವಂಶ ತನ್ನ ರಕ್ತದ್ದಲ್ಲ ಎಂದು ತಿಳಿದ ಶ್ರೋತ್ರಿಗಳು ಮನೆ ಬಿಟ್ಟು ಹೊರಟರು. ಟೋನಿ ಸೆಂಟರ್ ಫಾರ್ವರ್ಡ್ ನೋಡಿ, ಬಾಯಿ ಮುಚ್ಚಿಕೊಂಡು ಮುಂದಿನ ಪಂದ್ಯಕ್ಕೆ ಹೊರಟ.

ಅದೇ 1996ರಲ್ಲಿ ಐರ್ಲೆಂಡ್ ಸರ್ಕಾರ ಜಾಕ್ ಚಾರ್ಲ್ಟನ್‌ಗೆ ಗೌರವ ಪೌರತ್ವ ಕೊಟ್ಟು ಸನ್ಮಾನಿಸಿತು. ಅಜ್ಜ ಬೇಡ, ಅಜ್ಜಿ ಬೇಡ, ದಾಖಲೆಯೂ ಬೇಡ. ಗೆದ್ದ ಇಂಗ್ಲೆಂಡಿನವನು ತಾನೇ ತಾನಾಗಿ ಐರಿಷ್ ಆಗುತ್ತಾನೆ. ಆಡಿ ಸುಸ್ತಾದವನು ಮಾತ್ರ ರಾತ್ರಿ ನಿದ್ದೆಗೆಟ್ಟು ನಾನು ಯಾರವನು ಎಂದು ಕೇಳಿಕೊಳ್ಳುತ್ತಿರಬೇಕು.

ಮೂರು ವರ್ಷ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡೇ ಆಡಿದ. 1999ರ ನವೆಂಬರ್‌ನಲ್ಲಿ ಟರ್ಕಿಯ ಬುರ್ಸಾದಲ್ಲಿ ಕೊನೆಯ ಪಂದ್ಯ. ಐರ್ಲೆಂಡ್ ಯುರೋ 2000ರಿಂದ ಹೊರಬಿತ್ತು, ಸೀಟಿ ಊದಿದ ಮೇಲೆ ಮೈದಾನದಲ್ಲಿ ಹೊಡೆದಾಟವಾಯಿತು, ಟೋನಿ ಅದರ ನಡುಮಧ್ಯದಲ್ಲಿದ್ದ. ತನ್ನದಲ್ಲದ ದೇಶಕ್ಕಾಗಿ 37ರ ವಯಸ್ಸಿನಲ್ಲಿ ಏಟು ತಿನ್ನುವವನನ್ನು ನಕಲಿ ಎನ್ನುವುದಾದರೆ, ಅಸಲಿ ಎಂದು ಹೇಳಿಕೊಳ್ಳುವವರು ಸೋಫಾದಿಂದ ಏಳಬೇಕಾಗುತ್ತದೆ. ಅಲ್ಲಿಗೆ 88 ಪಂದ್ಯ, 19 ಗೋಲು. ಆ ಹೊತ್ತಿಗೆ ಐರ್ಲೆಂಡ್ ಪರ ಅತಿ ಹೆಚ್ಚು ಪಂದ್ಯ ಆಡಿದವನು ಅವನೇ.

2000ದಲ್ಲಿ ಪತ್ರಕರ್ತ ಪಾಲ್ ಕಿಮೇಜ್ ನೆರವಿನಿಂದ ಆತ್ಮಕಥೆ ಬರೆದು ಎಲ್ಲವನ್ನೂ ಹೊರಗೆ ಹಾಕಿದ. ತಾನು ಮೋಸಗಾರ, ತಾನು ಐರಿಷ್‌ನವನೇ ಅಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಕ್ರೀಡಾತಾರೆಗಳ ಆತ್ಮಕಥೆಯಲ್ಲಿ ತಪ್ಪುಗಳೆಲ್ಲ ಕೋಚುಗಳದು, ರೆಫರಿಗಳದು ಆಗಿರುವುದು ವಾಡಿಕೆ. ಸಂಪ್ರದಾಯ ಮುರಿದದ್ದಕ್ಕೆ ಗದ್ದಲವೆದ್ದಿತು. ಇಂಗ್ಲೆಂಡಿನ ಪತ್ರಿಕೆಗಳಿಗೆ ಹಬ್ಬ. ಕೊನೆಗೆ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಕಾನೂನು ತೆಗೆದು ನೋಡಿತು. ದತ್ತುಮಗುವಿಗೂ ಹೆತ್ತ ಮಗುವಿನಷ್ಟೇ ಹಕ್ಕು, ಆದ್ದರಿಂದ ಅಮ್ಮ ಐರಿಷ್ ಪ್ರಜೆ, ಆದ್ದರಿಂದ ಮಗ ಮೊದಲಿನಿಂದಲೂ ಅರ್ಹನೇ! ಪಾಪ, ನಾಲ್ಕು ವರ್ಷ ಸುಮ್ಮನೆ ಬೆವರಿದ. ತಪ್ಪೊಪ್ಪಿಗೆಯನ್ನು ಸ್ವೀಕರಿಸಲು ನಿರಾಕರಿಸಿ ಆರೋಪಿಯನ್ನು ಕಚೇರಿಯಿಂದ ವಾಪಸು ಕಳಿಸಿದ ಅಪರೂಪದ ಪ್ರಕರಣ ಇದು.

ಈ ಅಜ್ಜ ಅಜ್ಜಿಯ ನಿಯಮಕ್ಕೆ ಇನ್ನೊಂದು ಮಗ್ಗುಲೂ ಉಂಟು. ಲಂಡನ್ನಿನಲ್ಲಿ ಹುಟ್ಟಿದ, ಕಾರ್ಕ್ ಮೂಲದ ಅಜ್ಜ ಅಜ್ಜಿಯ ಮೊಮ್ಮಗ ಡೆಕ್ಲನ್ ರೈಸ್ 2018ರಲ್ಲಿ ಐರ್ಲೆಂಡ್ ಪರ ಮೂರು ಸೌಹಾರ್ದ ಪಂದ್ಯ ಆಡಿ, ಮರುವರ್ಷ ಇಂಗ್ಲೆಂಡಿಗೆ ಹೋದ. ದ್ರೋಹಿ ಎಂದು ಐರ್ಲೆಂಡಿನಲ್ಲಿ ಬೊಬ್ಬೆ ಎದ್ದಿತು. ಇಂಗ್ಲೆಂಡಿನಲ್ಲಿ ಹುಟ್ಟಿದವನು ಐರ್ಲೆಂಡಿಗೆ ಬಂದರೆ ರಕ್ತದ ಕರೆ, ಇಂಗ್ಲೆಂಡಿಗೇ ಉಳಿದರೆ ರಕ್ತದ ದ್ರೋಹ. ಚಾರ್ಲ್ಟನ್ ತೆರೆದಿಟ್ಟ ಬಾಗಿಲಿಗೆ ಒಳಗಿನಿಂದಲೂ ಹಿಡಿಕೆ ಇದೆ ಎಂಬುದು ಅವರಿಗೆ ಆಗಲೇ ಹೊಳೆದದ್ದು.

ನಮ್ಮಲ್ಲಿ ಈ ತಕರಾರೇ ಇಲ್ಲ. ಭಾರತ ತಂಡಕ್ಕೆ ಅಜ್ಜ ಸಾಲದು, ಭಾರತದ ಪಾಸ್‌ಪೋರ್ಟೇ ಬೇಕು. ಬೆಂಗಳೂರು ಎಫ್‌.ಸಿ.ಗೆ ಆಡುವ ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್, ತಾಯಿಯ ಕಡೆಯಿಂದ ಮುಂಬೈ ನಂಟಿದ್ದರೂ, 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತೀಯನಾದ. ವಿಶ್ವಕಪ್‌ನಲ್ಲಿ ಒಮ್ಮೆಯೂ ಆಡದ ದೇಶದ ಬಾಗಿಲಲ್ಲಿ ನಿಯಮ ಇಷ್ಟು ಬಿಗಿ. ಒಳಗೆ ಕದಿಯುವಂಥದ್ದೇನಿದೆ ಎಂದು ಕೇಳಬಾರದು.

ಟೋನಿಯ 88 ಪಂದ್ಯಗಳ ದಾಖಲೆ ಮುಂದೆ ಮುರಿದವನು ಸ್ಟೀವ್ ಸ್ಟಾಂಟನ್. ಐರ್ಲೆಂಡಿನ ಡ್ರೊಹೆಡಾದಲ್ಲಿ ಹುಟ್ಟಿ ಡಂಡಾಕ್‌ನಲ್ಲಿ ಬೆಳೆದವನು, ಅಜ್ಜನ ಬಗ್ಗೆ ಯಾರೂ ಅವನನ್ನು ಒಂದು ಮಾತು ಕೇಳಿದವರಲ್ಲ. ಅಪ್ಪಟ ಐರಿಷ್ ರಕ್ತದ ಈ ಸ್ಟಾಂಟನ್ ಮುಂದೆ ರಾಷ್ಟ್ರೀಯ ತಂಡಕ್ಕೆ ಕೋಚ್ ಕೂಡ ಆದ. 2006ರ ಅಕ್ಟೋಬರ್‌ನಲ್ಲಿ ಅವನ ತಂಡ ಸೈಪ್ರಸ್‌ಗೆ 5–2ರಿಂದ ಸೋತಿತು.