ಆಲ್ಪ್ಸ್‌ನಲ್ಲಿ ಒಡೆತನ: ಆಸಕ್ತರಿಗೆ ಕೆಲವು ಸೂಚನೆಗಳು

ಸರ್ಜಾಪುರದಲ್ಲೊಂದು ಸೈಟು, ಸಕಲೇಶಪುರದಲ್ಲೊಂದು ಹೋಮ್‌ಸ್ಟೇ, ದೇವನಹಳ್ಳಿಯ ಹತ್ತಿರ ವಿಮಾನದ ಸದ್ದು ಉಚಿತವಾಗಿ ಸಿಗುವ ಒಂದು ಫ್ಲಾಟು. ಇಷ್ಟನ್ನೂ ಮಾಡಿ ಮುಗಿಸಿದವರಿಗೆ ಮುಂದೇನು ಎಂಬ ಚಿಂತೆ ಕಾಡುವುದು ಸಹಜ. ವಿದೇಶಿ ಸ್ಥಿರಾಸ್ತಿ ಸಲಹೆಗಾರನಾಗಿ ನಾನು ಕೊಡುವ ಉತ್ತರ ಒಂದೇ: ಫ್ರಾನ್ಸಿನ ಲೀಸ್‌ಬ್ಯಾಕ್. ಆಲ್ಪ್ಸ್‌ನ ಸ್ಕೀ ಊರಿನಲ್ಲೋ ಮೆಡಿಟರೇನಿಯನ್ ಕರಾವಳಿಯಲ್ಲೋ ಒಂದು ಪುಟ್ಟ ಅಪಾರ್ಟ್‌ಮೆಂಟ್ ಕೊಳ್ಳುವುದು. ಕೊಂಡ ಕೈಯಲ್ಲೇ ಅದನ್ನು ಪ್ರವಾಸಿ ವಸತಿ ನಡೆಸುವ ಕಂಪನಿಗೆ ಬಾಡಿಗೆಗೆ ಬರೆದುಕೊಡುವುದು. ಮೂರು ತಿಂಗಳಿಗೊಮ್ಮೆ ಬಾಡಿಗೆ ಎಣಿಸುವುದು. ವರ್ಷಕ್ಕೆ ಒಂದೆರಡು ವಾರ ಹೋಗಿ ಇದ್ದು ಬರುವುದು. ‘ಮನೆ ನಿಮ್ಮದು, ತಲೆನೋವು ಅವರದು’ ಎನ್ನುತ್ತದೆ ಕರಪತ್ರ. ಅಚ್ಚಿನಲ್ಲಿ ಎರಡು ಪದಗಳು ಅದಲುಬದಲಾಗಿವೆ. ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತಾರೆ.

ಮೊದಲು ಹಣ ದೇಶ ದಾಟಬೇಕು. ವಿದೇಶಕ್ಕೆ ಹಣ ಕಳಿಸಲೆಂದಿರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಕಳಿಸಬಹುದು. ಹೆಂಡತಿಯ ಪ್ಯಾನ್ ಕಾರ್ಡ್ ಸೇರಿದರೆ ಎರಡು ಪಟ್ಟು. ಸಂಸಾರದ ಮಹತ್ವ ಇಂಥಲ್ಲೇ ತಿಳಿಯುವುದು. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು 20% ಮುಂಗಡ ತೆರಿಗೆ (ಟಿಸಿಎಸ್) ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಅಲ್ಲಿಯವರೆಗೆ ಅದು ಸರ್ಕಾರದ ಬಳಿ ಭದ್ರವಾಗಿರುತ್ತದೆ, ಈ ಇಡೀ ವ್ಯವಹಾರದಲ್ಲಿ ಭದ್ರವಾಗಿರುವ ಹಣ ಅದೊಂದೇ. ಮುಂದೆ ಪ್ರತಿ ವರ್ಷ ವಿದೇಶಿ ಆಸ್ತಿಯ ಕಾಲಂ ತುಂಬುವುದನ್ನು ಮರೆಯಬಾರದು. ಮರೆತವರಿಗೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಕಾದಿದೆ. ಸಂಬಳದ ಮೇಲೆ ಬದುಕಿದ ಮನುಷ್ಯನಿಗೆ ಕಪ್ಪುಹಣದವರ ಸಾಲಿನಲ್ಲಿ ನಿಲ್ಲುವ ಅವಕಾಶ ಬೇರೆ ದಾರಿಯಲ್ಲಿ ಸಿಗುವುದು ಕಷ್ಟ.

ಸಾಮಾನ್ಯವಾಗಿ ನೀವು ಕೊಳ್ಳುವುದು ಇನ್ನೂ ಕಟ್ಟದ ಮನೆ. ಫ್ರೆಂಚ್ ಕಾನೂನು ಇದರಲ್ಲಿ ಕಟ್ಟುನಿಟ್ಟು: ಪಾಯ ಮುಗಿದಾಗ 35%ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಮಳೆ ಒಳಬರದಂತೆ ಚಾವಣಿ ಮುಚ್ಚಿದಾಗ 70%, ಕೆಲಸ ಮುಗಿದಾಗ 95%, ಉಳಿದದ್ದು ಕೀಲಿ ಕೊಡುವಾಗ. ಬೆಂಗಳೂರಿನ ಬಿಲ್ಡರುಗಳ ಆಫೀಸು ಅಲೆದು ಚಪ್ಪಲಿ ಸವೆಸಿದವರಿಗೆ ಇದನ್ನು ಓದುವಾಗಲೇ ಕಣ್ಣು ತುಂಬಿ ಬರುತ್ತದೆ. ನಾನು ಭರವಸೆಯಿಂದ ಹೇಳುತ್ತೇನೆ, ಕಟ್ಟಡ ಹೇಳಿದ ಹೊತ್ತಿಗೆ ನಿಲ್ಲುತ್ತದೆ. ಬಾಡಿಗೆಯೂ ನಿಲ್ಲುತ್ತದೆ, ಸ್ವಲ್ಪ ತಡವಾಗಿ.

ಈಗ ತೆರಿಗೆಯ ಉಡುಗೊರೆ. ಫ್ರಾನ್ಸಿನಲ್ಲಿ ಹೊಸ ಮನೆಗೆ 20% ಮೌಲ್ಯವರ್ಧಿತ ತೆರಿಗೆ ಇದೆ. ಮನೆಯ ಬೆಲೆ 2,00,000 ಯೂರೋ ಎಂದಿಟ್ಟುಕೊಳ್ಳಿ, ತೆರಿಗೆ 40,000. ಲೀಸ್‌ಬ್ಯಾಕಿಗೆ ಬಿಟ್ಟರೆ ಈ 40,000ವನ್ನು ಸರ್ಕಾರ ವಾಪಸ್ ಕೊಡುತ್ತದೆ. ಷರತ್ತೆಂದರೆ, ನಡೆಸುವ ಕಂಪನಿ ಬೆಳಗಿನ ಉಪಾಹಾರ, ಶುಚಿ ಕೆಲಸ, ಹಾಸಿಗೆ ಬಟ್ಟೆ, ಬಂದವರ ಸ್ವಾಗತ ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಅತಿಥಿಗಳಿಗೆ ಒದಗಿಸಬೇಕು. ಇನ್ನೊಂದು ಷರತ್ತೂ ಇದೆ, ಸಣ್ಣದು: ವ್ಯವಸ್ಥೆ 20 ವರ್ಷ ಹೀಗೇ ನಡೆಯಬೇಕು. ನಡುವೆ ಕೈಬಿಟ್ಟರೆ ಉಳಿದ ವರ್ಷಗಳ ಪಾಲನ್ನು, ವರ್ಷಕ್ಕೆ ಇಪ್ಪತ್ತರಲ್ಲಿ ಒಂದು ಭಾಗದಂತೆ, ಹಿಂದಿರುಗಿಸಬೇಕು. ಕಂಪನಿಯೊಂದಿಗಿನ ಒಂಬತ್ತು ವರ್ಷದ ಬಾಡಿಗೆ ಕರಾರು ಮುಗಿದ ಮೇಲೆ ಸಾಕಪ್ಪಾ ಎಂದು ಹೊರಬಂದವರು 22,000 ಯೂರೋ ಕಟ್ಟಿ ಬರುತ್ತಾರೆ. ಕರಾರು ಒಂಬತ್ತು ವರ್ಷಕ್ಕೇಕೆ, ತೆರಿಗೆ ಇಪ್ಪತ್ತಕ್ಕೇಕೆ ಎಂದು ಕೇಳಬಾರದು. ಒಂದನ್ನು ತೋರಿಸಿ ಮಾರುತ್ತಾರೆ, ಇನ್ನೊಂದನ್ನು ತೋರಿಸಿ ಹಿಡಿದಿಡುತ್ತಾರೆ.

ಬಾಡಿಗೆ ಖಾತರಿ. ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಖಾತರಿ ಕೊಟ್ಟವರು ಯಾರೆಂದು ಹುಡುಕಿದರೆ ಬಾಡಿಗೆ ಕೊಡಬೇಕಾದವರೇ ಸಿಗುತ್ತಾರೆ. ಸಾಲಗಾರನೇ ತನಗೆ ತಾನು ಜಾಮೀನು ನಿಲ್ಲುವ ಈ ಪದ್ಧತಿಯಲ್ಲಿ ಮೂರನೆಯವರಿಗೆ ತೊಂದರೆಯಿಲ್ಲ. ಮೊದಲ ಕೆಲವು ವರ್ಷ ಬಾಡಿಗೆ ತಪ್ಪದೆ ಬರುತ್ತದೆ ಎಂಬುದಕ್ಕೆ ಗಟ್ಟಿಯಾದ ಕಾರಣವೂ ಇದೆ. ಎಷ್ಟೋ ಯೋಜನೆಗಳಲ್ಲಿ ಬಿಲ್ಡರು ನಡೆಸುವ ಕಂಪನಿಗೆ ಒಂದು ಸಹಾಯಧನ ಕೊಡುತ್ತಾನೆ. ಫ್ರೆಂಚರು ಅದಕ್ಕೆ ‘ಫೋಂ ದ ಕೋಂಕೂರ್’ ಎನ್ನುತ್ತಾರೆ. ಬಿಲ್ಡರಿಗೆ ಆ ದುಡ್ಡು ಮನೆಯ ಬೆಲೆಯಿಂದ ಬರುತ್ತದೆ, ಮನೆಯ ಬೆಲೆ ನಿಮ್ಮಿಂದ ಬರುತ್ತದೆ. ಹೀಗೆ ನಿಮ್ಮ ಹಣ ಪರ್ವತ ನೋಡಿಕೊಂಡು, ಇಬ್ಬರ ಕೈ ದಾಟಿ, ಬಾಡಿಗೆಯೆಂಬ ಹೆಸರಲ್ಲಿ ನಿಮಗೇ ಸೇರುತ್ತದೆ. ಅದರ ಮೇಲೆ ಆದಾಯ ಘೋಷಿಸಿಕೊಳ್ಳುವ ಗೌರವ ಬೇರೆ.

ನನ್ನ ಬಳಿ ಬಂದಿದ್ದ ಮಲ್ಲೇಶ್ವರದ ನಿವೃತ್ತ ಇಂಜಿನಿಯರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, “ಕರಾರು ಮುಗಿದ ಮೇಲೆ ಮನೆ ನನಗೆ ಬರುತ್ತಲ್ಲ ಸಾರ್?” ಎಂದರು.

“ಮನೆ ನಿಮ್ಮದೇ ರಾಯರೇ, ಹೊಸದಾಗಿ ಬರೋದೇನಿದೆ?” ಎಂದೆ.

“ಅಲ್ಲ, ಅವರು ಖಾಲಿ ಮಾಡ್ತಾರಲ್ಲ ಅಂತ.”

ಈ ‘ಖಾಲಿ ಮಾಡಿಸುವ’ ಹಂಬಲವೇ ನಮ್ಮವರ ಹೂಡಿಕೆಯ ದೌರ್ಬಲ್ಯ. ಇದು ಮನೆ ಬಾಡಿಗೆಯಲ್ಲ, ವಾಣಿಜ್ಯ ಬಾಡಿಗೆ. ಅಂಗಡಿ ಇಟ್ಟವರನ್ನು ಕಾಪಾಡಲೆಂದು 1953ರಲ್ಲಿ ಬಂದ ಕಟ್ಟಳೆಯ ಪರಂಪರೆಯದು. ಅವಧಿ ಮುಗಿದರೂ ಬಾಡಿಗೆದಾರನಿಗೆ ನವೀಕರಣದ ಹಕ್ಕಿದೆ. ಮಾಲೀಕ ಒಲ್ಲೆನೆಂದರೆ ಬಾಡಿಗೆದಾರನ ವ್ಯಾಪಾರಕ್ಕೆ ಆಗುವ ನಷ್ಟವನ್ನು ಮಾಲೀಕನೇ ತುಂಬಿಕೊಡಬೇಕು. ಮನೆ ಕೊಳ್ಳುವಾಗ ಒಮ್ಮೆ, ಬಿಡಿಸಿಕೊಳ್ಳುವಾಗ ಇನ್ನೊಮ್ಮೆ. ಇಷ್ಟಪಟ್ಟ ವಸ್ತುವಿಗೆ ಎರಡು ಸಲ ದುಡ್ಡು ಕೊಡುವುದನ್ನು ನಮ್ಮ ಜನ ಇನ್ನೂ ಕಲಿಯಬೇಕಾಗಿದೆ.

ಬಾಡಿಗೆದಾರನೇ ಒಡೆಯನಾಗುವುದು ಕನ್ನಡಿಗರಿಗೆ ಹೊಸದೂ ಅಲ್ಲ. 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ದೇವರಾಜ ಅರಸರ ಸರ್ಕಾರ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಧಣಿಗಳು ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡಿದರು. ಎಷ್ಟೊಂದು ಶ್ರಮ! ಫ್ರಾನ್ಸಿನಲ್ಲಿ ಯಾವ ಫಾರಮ್ಮೂ ಬೇಡ, ಮಂಡಳಿಯೂ ಬೇಡ. ಧಣಿಯೇ ವಿಮಾನದ ಟಿಕೆಟ್ ತೆಗೆದು ಬಂದು ನೋಟರಿಯ ಮುಂದೆ ಕೂತು, ಗೇಣಿದಾರನ ಹೆಸರಿಗೆ ಸಹಿ ಹಾಕಿ, ಎಲ್ಲರ ಕೈಕುಲುಕಿ ಹೋಗುತ್ತಾನೆ. ಅಲ್ಲಿ ಉಳುವವನಂತೂ ಇಲ್ಲ. ಹಾಸಿಗೆ ಬಟ್ಟೆ ಬದಲಿಸುವವನೇ ಒಡೆಯ.

ಹಾಗಾದರೆ ಮಾಲೀಕನಿಗೆ ಉಳಿಯುವುದೇನು ಎಂದು ಕೆಲವರು ಒರಟಾಗಿ ಕೇಳುತ್ತಾರೆ. ಬಹಳಷ್ಟು ಉಳಿಯುತ್ತದೆ. ನೆಪೋಲಿಯನ್ ಕಾಲದ 1804ರ ಸಿವಿಲ್ ಕೋಡ್ ತೆಗೆದು 606ನೆಯ ವಿಧಿ ನೋಡಿ. ದಪ್ಪ ಗೋಡೆಗಳು, ಕಮಾನುಗಳು, ತೊಲೆಗಳು, ಇಡೀ ಚಾವಣಿ, ಒಡ್ಡುಗಳು, ಆಸರೆ ಗೋಡೆಗಳು ಎಂದು ದೊಡ್ಡ ರಿಪೇರಿಗಳ ಪಟ್ಟಿ ಅಲ್ಲಿದೆ. 2014ರ ನವೆಂಬರ್‌ನಿಂದೀಚೆಗೆ ಮಾಡಿಕೊಂಡ ಅಥವಾ ನವೀಕರಿಸಿದ ವಾಣಿಜ್ಯ ಕರಾರಿನಲ್ಲಿ ಈ ಖರ್ಚನ್ನು ಬಾಡಿಗೆದಾರನ ಮೇಲೆ ಹಾಕುವಂತಿಲ್ಲ. ಚಾವಣಿ ಸೋರಿದ ದಿನ ಆ ಮನೆ ಯಾರದೆಂಬ ಬಗ್ಗೆ ಫ್ರಾನ್ಸಿನಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ. ಬೆಟ್ಟದ ಮೇಲೆ ಹಿಮ ಬೀಳುವ ಊರುಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುವುದು ಇದೇ ಕಾರಣಕ್ಕೆ. ಒಡೆತನದ ಅನುಭವ ಅಲ್ಲಿ ಪದೇಪದೇ ಆಗುತ್ತದೆ.

ಕಂಪನಿ ಮುಳುಗಿದರೆ? ಇಂಥ ಅಪಶಕುನದ ಪ್ರಶ್ನೆಗೂ ಉತ್ತರವಿದೆ. ಹಿಂದೆ ಬಾಡಿಗೆದಾರ ಮೂರು ವರ್ಷಕ್ಕೊಮ್ಮೆ ಕರಾರು ಮುರಿದು ಹೋಗಬಹುದಿತ್ತು. 2009ರ ಜುಲೈ ಕಾಯ್ದೆ ಪ್ರವಾಸಿ ವಸತಿಗಳ ಮಟ್ಟಿಗೆ ಆ ಬಾಗಿಲು ಮುಚ್ಚಿತು. ಈಗ ಅವನು ಅವಧಿಯ ನಡುವೆ ಬಿಟ್ಟು ಹೋಗುವಂತಿಲ್ಲ, ದಿವಾಳಿಯಾಗಬಹುದು ಅಷ್ಟೆ. ದಿವಾಳಿಯಾದಾಗ ಕೋರ್ಟು ನೇಮಿಸಿದವರು ಕರಾರು ಮುಂದುವರಿಸುವುದೋ ಬಿಡುವುದೋ ಎಂದು ನಿರ್ಧರಿಸುತ್ತಾರೆ. ಬಿಟ್ಟರೆ ಹೊಸ ಕಂಪನಿಯೊಂದು ಕಡಿಮೆ ಬಾಡಿಗೆಯ ಕಾಗದ ಹಿಡಿದು ಬರುತ್ತದೆ. ಅದಕ್ಕೆ ಸಹಿ ಹಾಕದಿದ್ದರೆ ತೆರಿಗೆಯವರ ಇಪ್ಪತ್ತು ವರ್ಷದ ಲೆಕ್ಕ ತೆರೆದುಕೊಳ್ಳುತ್ತದೆ. ಸಹಿ ಹಾಕುತ್ತೀರಿ. 2020ರಲ್ಲಿ ಕೊರೋನಾ ಬಂದಾಗ ಮುಳುಗದ ಕಂಪನಿಗಳು ಕೂಡ ಬಾಡಿಗೆ ತಡೆಹಿಡಿದವು. ಲಾಕ್‌ಡೌನ್ ಇದ್ದರೂ ವಾಣಿಜ್ಯ ಬಾಡಿಗೆ ಕೊಡಲೇಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2022ರ ಜೂನ್‌ನಲ್ಲಿ ಹೇಳಿತು. ಆ ಎರಡು ವರ್ಷ ಮಾಲೀಕರು ಆಲ್ಪ್ಸ್‌ನ ಹವಾ ಮಾತ್ರವಲ್ಲ, ನ್ಯಾಯಾಲಯದ ಹವಾನಿಯಂತ್ರಣವನ್ನೂ ಅನುಭವಿಸಿದರು.

ಇನ್ನು ನಿಮ್ಮ ಸ್ವಂತ ವಾಸದ ವಾರಗಳು. ಫ್ರಾನ್ಸಿನ ಶಾಲೆಗಳ ಚಳಿಗಾಲದ ರಜೆಯನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಒಡೆದು, ಒಂದರ ಬೆನ್ನಿಗೆ ಒಂದು ಬರುವಂತೆ ಜೋಡಿಸಿದ್ದಾರೆ. ಸ್ಕೀ ಊರುಗಳು ಸುಮಾರು ನಾಲ್ಕು ವಾರ ತುಂಬಿರುತ್ತವೆ. ಆ ನಾಲ್ಕು ವಾರ ಮಾಲೀಕರಿಗಲ್ಲ; ಕ್ರಿಸ್‌ಮಸ್ಸೂ ಅಲ್ಲ. ನಿಮಗೆ ಸುಲಭವಾಗಿ ಸಿಗುವುದು ನವೆಂಬರ್ ಮೊದಲ ವಾರದಂಥ ಕಾಲ: ಹಿಮ ಇನ್ನೂ ಬಂದಿರುವುದಿಲ್ಲ, ಕೇಬಲ್ ಕಾರು ಓಡುವುದಿಲ್ಲ, ಬ್ರೆಡ್ ಅಂಗಡಿಯವನು ರಜೆ ಹಾಕಿ ಸಮುದ್ರ ತೀರಕ್ಕೆ ಹೋಗಿರುತ್ತಾನೆ. ಏಕಾಂತ ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯಕ್ಷಗಾನದ ತಿರುಗಾಟವೂ ಶುರುವಾಗಿರದ ದಿನಗಳು, ಊರಿನಲ್ಲಿ ಏನೂ ತಪ್ಪಿಹೋಗುವುದಿಲ್ಲ.

ಹೋಗಲು ಷೆಂಗೆನ್ ವೀಸಾ ಬೇಕು. ಮನೆ ಇದೆಯೆಂದು ಯಾರೂ ವೀಸಾ ಕೊಡುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಪ್ರಯಾಣ ವಿಮೆ, ವಾಪಸಾಗುವ ಟಿಕೆಟು, ಉಳಿದುಕೊಳ್ಳುವ ಜಾಗದ ಬುಕಿಂಗ್, ಎಲ್ಲವನ್ನೂ ತೋರಿಸಬೇಕು. ನಿಮ್ಮ ಮನೆಯಲ್ಲಿ ನಿಮಗೆ ಜಾಗ ಉಂಟೆಂದು ಬರೆದುಕೊಡುವವರು ನಿಮ್ಮ ಬಾಡಿಗೆದಾರರು. ಅವರೊಂದಿಗೆ ಸಂಬಂಧ ಚೆನ್ನಾಗಿಟ್ಟುಕೊಳ್ಳಿ.

ತಲುಪಿದ ಮೇಲೆ ಸ್ವಾಗತ ಕಟ್ಟೆಯಲ್ಲಿ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಪೀಠೋಪಕರಣಕ್ಕೆ ಏನಾದರೂ ಹಾನಿಯಾದರೆಂದು ಸ್ವಲ್ಪ ಠೇವಣಿ ಹಿಡಿಯುತ್ತಾರೆ. ಆ ಪೀಠೋಪಕರಣಕ್ಕೆ ಖರೀದಿಯ ಹೊತ್ತಿನಲ್ಲಿ ಬೇರೆ ದುಡ್ಡು ಕೊಟ್ಟವರು ನೀವೇ ಎಂದು ವಾದಿಸುವುದು ಸಭ್ಯತೆಯಲ್ಲ. ಒಳಗೆ ಹೋದ ಕೂಡಲೇ ಕುರ್ಚಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಣೆ ಬಿಡುವಾಗ, ಕಾಲು ಮುರಿದ ಕುರ್ಚಿಯೇನಾದರೂ ಇದ್ದರೆ, ಮುರಿದವರು ನೀವಲ್ಲವೆಂದು ತೋರಿಸಬೇಕಾಗುತ್ತದೆ. ತೋರಿಸಿದರೆ ಠೇವಣಿ ಪೂರ್ತಿ ವಾಪಸ್ ಬರುತ್ತದೆ. ಹೊಸ ಕುರ್ಚಿಯ ಬಿಲ್ಲನ್ನು ಮಾಲೀಕರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಾರೆ.