ಬ್ರೆಡ್ಡಿಗೆ ಕನ್ನಡಕ

ಹಲಸೂರಿನ ಪಕ್ಕದ ನಮ್ಮ ಮರ್ಫಿ ಟೌನ್‌ಗೆ ಹಿಂದೆ ನಾಕ್ಸ್‌ಪೇಟೆ ಎಂಬ ಹೆಸರಿತ್ತಂತೆ. ಹೆಸರು ಬದಲಾಯಿತು, ನೆಲ ಅದೇ. ಮೈದಾ ಹಿಟ್ಟು 'ಬ್ರೌನ್ ಬ್ರೆಡ್' ಆಗುವುದೂ ಎಷ್ಟೋ ಸಲ ಹೀಗೆಯೇ.

ನಮ್ಮನೆಯವರಿಗೆ ಶುಗರ್ ಬಂದಾಗಿನಿಂದ ನಾನು ಕನ್ನಡಕವಿಲ್ಲದೆ ಅಂಗಡಿಗೆ ಹೋಗುವುದಿಲ್ಲ. ಪ್ಯಾಕೆಟ್ಟಿನ ಮುಂದೆ ತೂಗುವ ಗೋಧಿ ತೆನೆ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಓದಬೇಕಾದ್ದು ಆ ಇರುವೆಗಳನ್ನೇ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಮೊದಲ ಹೆಸರೇ 'ರಿಫೈನ್ಡ್ ವೀಟ್ ಫ್ಲೋರ್', ಅಂದರೆ ಮೈದಾ, ಆಗಿದ್ದು, ಕೊನೆಯಲ್ಲಿ '150ಎ' ಕಂಡರೆ ಮುಗಿಯಿತು. ಅದು ಕ್ಯಾರಮೆಲ್. ಕಂದು ಬಣ್ಣದಲ್ಲಿ ಬೂಸಾಕ್ಕಿಂತ ಸಕ್ಕರೆ ಪಾಕದ ಪಾಲೇ ದೊಡ್ಡದು! ಜೊತೆಗೆ 282 ಎಂಬ ಸಂಖ್ಯೆ ಇದ್ದರೆ ಅದು ಬೂಷ್ಟು ಹಿಡಿಯದಿರಲು ಹಾಕಿದ್ದು. ಅದಕ್ಕೆ ನನ್ನ ತಕರಾರಿಲ್ಲ.

"ಅಣ್ಣಾ, ಇದರಲ್ಲಿ ಗೋಧಿ ಹಿಟ್ಟು ಎಷ್ಟಿದೆ?"

"ಬೆಳಿಗ್ಗೆ ಬಂದಿದ್ದು ಮೇಡಂ, ಫ್ರೆಶ್ಶು."

ಕೊನೆಗೂ ಅಪ್ಪಟ ಆಟಾ ಬ್ರೆಡ್ ಸಿಕ್ಕಿತು. ನಾರಿನಂಶ ಮೈದಾ ಬ್ರೆಡ್ಡಿನ ಎರಡರಷ್ಟು. ಆದರೆ ಬೂಸಾ ಇದ್ದಲ್ಲಿ ಹಿಟ್ಟು ಅಷ್ಟು ಉಬ್ಬುವುದಿಲ್ಲ. ಹೋಳು ಗಟ್ಟಿ, ಸ್ವಲ್ಪ ಒಗರು. ಕಾವಲಿಯ ಮೇಲೆ ಕೆಂಪಗೆ ಸುಟ್ಟರೆ ರುಚಿಯೇ ಬೇರೆ. ನನ್ನ ಮಟ್ಟಿಗೆ ಮೆತ್ತನೆಯ ಬ್ರೆಡ್ಡನ್ನು ನಂಬಲೇಬಾರದು.

ನಮ್ಮನೆಯವರು ಒಂದು ತುಂಡು ಅಗಿದು, "ಆರೋಗ್ಯಕ್ಕೆ ಒಳ್ಳೇದು ಅಂತ ಗೊತ್ತಾಗ್ತಿದೆ" ಎಂದು, ಅದರ ಮೇಲೆ ಎರಡು ಚಮಚ ಜಾಮ್ ಸವರಿಕೊಂಡರು.