ಅರಿಸಮಾಸ ಸ್ನಾತಕೋತ್ತರ ಮೀಮಾಂಸೆ

ಸಂಸ್ಕೃತ ಪದಕ್ಕೂ ಅಚ್ಚಗನ್ನಡ ಪದಕ್ಕೂ ಗಂಟುಹಾಕಿ ಒಂದೇ ಪದ ಮಾಡುವುದನ್ನು ವೈಯಾಕರಣರು ಅರಿಸಮಾಸವೆಂದು ಕರೆದು, ‘ಅರಿ’ ಎಂದರೆ ಶತ್ರುವೆಂಬುದನ್ನು ನೆನಪಿಸಿ, ದೋಷಗಳ ಸಾಲಿಗೆ ಸೇರಿಸಿದ್ದಾರೆ. ಇಂಜಿನಿಯರಿಂಗನ್ನೂ ವ್ಯಾಪಾರಶಾಸ್ತ್ರವನ್ನೂ ಒಂದೇ ಪದವಿಯಲ್ಲಿ ಕೂಡಿಸುವ, ಜರ್ಮನರು ‘ವಿರ್ಟ್‌ಶಾಫ್ಟ್ಸ್‌ಇಂಜೆನ್ಯೂರ್‌ವೇಜನ್’ ಎಂದು ಒಂದೇ ಉಸಿರಿನಲ್ಲಿ ಹೇಳುವ ವಿದ್ಯೆಗೂ ಈ ದೋಷ ತಗಲುವುದೇ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ರೋಮನ್ ಲಿಪಿಯಲ್ಲಿ ಇಪ್ಪತ್ತೈದು ಅಕ್ಷರ ಹಿಡಿಯುವ ಈ ಪದದಲ್ಲಿ ವಿರ್ಟ್‌ಶಾಫ್ಟ್ ಎಂದರೆ ಅರ್ಥವ್ಯವಹಾರ, ಇಂಜೆನ್ಯೂರ್ ಎಂದರೆ ಇಂಜಿನಿಯರ್, ವೇಜನ್ ಎಂದರೆ ಇವೆರಡರ ಸಹವಾಸದಿಂದ ಹುಟ್ಟಿದ ಶಾಸ್ತ್ರ. ನಡುವೆ ಕೇಳಿಸುವ ಸಕಾರವು ಆಗಮವೆಂದು ತಿಳಿಯತಕ್ಕದ್ದು. ಬರ್ಲಿನ್ನಿನ ಶಾರ್ಲೊಟೆನ್‌ಬುರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ 1920ರ ದಶಕದಲ್ಲಿ ವಿಲ್ಲಿ ಪ್ರಿಯೊನ್ ಎಂಬ ಪ್ರಾಧ್ಯಾಪಕರು ಈ ಸಮಾಸವನ್ನು ಪಠ್ಯಕ್ರಮಕ್ಕೆ ಇಳಿಸಿದರೆಂಬುದು ಇತಿಹಾಸ. ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಬೇಕಾದುದರಿಂದ, ಕರ್ನಾಟಕದಿಂದ ಈ ಸ್ನಾತಕೋತ್ತರ ಪದವಿಗಾಗಿ ಜರ್ಮನಿಗೆ ಹೊರಡುವ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು ಅವುಗಳನ್ನು ಕ್ರಮವಾಗಿ ನಿರೂಪಿಸಲಾಗುವುದು.

ಅಧಿಕಾರಿ: ಬಿ.ಇ. ಮುಗಿಸಿ, ಯಂತ್ರದ ಮೇಲೆ ವೈರಾಗ್ಯ ಹುಟ್ಟಿ, ಸಂಬಳದ ಮೇಲೆ ಮಾತ್ರ ಇನ್ನೂ ಹುಟ್ಟದವರು ಈ ಶಾಸ್ತ್ರಕ್ಕೆ ಅಧಿಕಾರಿಗಳು. ಇವರ ಅರ್ಹತೆಗೆ ಪ್ರಮಾಣಗಳು ಎರಡು. ಮೊದಲನೆಯದು ಶಿಫಾರಸು ಪತ್ರ, ಅಂದರೆ ವಿದ್ಯಾರ್ಥಿಯು ತನ್ನನ್ನು ತಾನೇ ಪ್ರಥಮಪುರುಷದಲ್ಲಿ ಹೊಗಳಿ ಬರೆದು, ವಿಭಾಗದ ಮುಖ್ಯಸ್ಥರಿಂದ ಸಹಿ ಹಾಕಿಸಿಕೊಳ್ಳುವ ಪ್ರಶಸ್ತಿಶಾಸನ. ಶಾಸನಕವಿಯೂ ಪ್ರಭುವೂ ಒಬ್ಬನೇ ಆಗಿರುವುದು ಇದರ ವೈಶಿಷ್ಟ್ಯ. ಎರಡನೆಯದು ಅಂಕಪಟ್ಟಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕೇವಲ ತೇರ್ಗಡೆಯಾದುದರಿಂದ, ನಮ್ಮ ಅಂಕಗಳನ್ನು ಬವೇರಿಯನ್ ಸೂತ್ರವೆಂಬ ಮಂತ್ರದಿಂದ ಶುದ್ಧಿಗೊಳಿಸಬೇಕಾಗುತ್ತದೆ: ಗರಿಷ್ಠದಿಂದ ಪಡೆದದ್ದನ್ನು ಕಳೆದು, ಅದನ್ನು ಗರಿಷ್ಠಕ್ಕೂ ತೇರ್ಗಡೆಯ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಬೇಕು. ಗರಿಷ್ಠ 10, ಕನಿಷ್ಠ 4 ಎಂದಿಟ್ಟುಕೊಂಡರೆ ಬೆಳಗಾವಿಯ ವಿಶ್ವವಿದ್ಯಾಲಯ ಕೊಟ್ಟ 8 ಆಲ್ಪ್ಸ್ ದಾಟುವಷ್ಟರಲ್ಲಿ 2 ಆಗುತ್ತದೆ. ಮೊಮ್ಮಗ ಆರು ಅಂಕ ಕಳೆದುಕೊಂಡನೆಂದು ಅಜ್ಜಿಯರು ಮರುಗುವುದು ಶಾಸ್ತ್ರಸಮ್ಮತವಲ್ಲ. ಈ ಕಾಗದಗಳೆಲ್ಲ ನಿಜವೆಂದು ದೆಹಲಿಯ ಎಪಿಎಸ್ ಎಂಬ ಪರಿಶೀಲನಾ ಕೇಂದ್ರವು ಪ್ರಮಾಣೀಕರಿಸಬೇಕೆಂಬ ವಿಧಿಯು 2022ರ ನವೆಂಬರಿನಿಂದ ಜಾರಿಯಲ್ಲಿದೆ.

ವಿಷಯ: ಎರಡು ವರ್ಷದ ಪದವಿಗೆ 120 ಕ್ರೆಡಿಟ್, ಕ್ರೆಡಿಟ್ಟಿಗೆ 30 ಗಂಟೆಯಂತೆ 3,600 ಗಂಟೆಗಳ ಅಧ್ಯಯನ ವಿಹಿತವಾಗಿದ್ದರೂ, ನಿಜವಾದ ಪಾಠಗಳು ಈ ಲೆಕ್ಕದ ಹೊರಗಿವೆ. ಇಪ್ಪತ್ತಮೂರು ಕಿಲೋ ಮೀರಬಾರದ ಪೆಟ್ಟಿಗೆಯೊಳಗೆ ಕುಕ್ಕರನ್ನೂ, ಕುಕ್ಕರಿನೊಳಗೆ ಸಾರಿನ ಪುಡಿಯನ್ನೂ, ಪುಡಿಯ ಸುತ್ತ ಬನಿಯನ್ನುಗಳನ್ನೂ ಅಡಕಿ, ಮಿಕ್ಕ ಸಂದಿಯಲ್ಲಿ ಬಾಳಕದ ಮೆಣಸಿನಕಾಯಿ ತುಂಬುವುದನ್ನು ತರಗತಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ತಾಯಂದಿರು ಇದನ್ನು ಹೊರಡುವ ಹಿಂದಿನ ರಾತ್ರಿ, ಸಮೀಕರಣದ ನೆರವಿಲ್ಲದೆ, ಸ್ನಾನದ ಮನೆಯ ತೂಕದ ಯಂತ್ರವೊಂದರಿಂದಲೇ ಬಿಡಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ‘ಫಾಂಡ್’ ಎಂಬ ಠೇವಣಿ ಪದ್ಧತಿಯ ಅಧ್ಯಯನ ನಡೆಯುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಇಪ್ಪತ್ತೈದು ಸೆಂಟಿನ ಚೀಟಿ ಬರುವುದರಿಂದ, ಯಂತ್ರ ಮತ್ತು ವ್ಯಾಪಾರಗಳು ನಿಜಕ್ಕೂ ಕೂಡಿದ ಏಕೈಕ ಪ್ರಯೋಗಾಲಯ ಇದೆಂದು ಕೆಲವರ ಮತ.

ಸಂಬಂಧ: ಇದು ವಿದ್ಯಾರ್ಥಿಗೂ ಹಣಕ್ಕೂ ಇರುವ ಸಂಬಂಧ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲವೆಂದು ನೆಂಟರಿಷ್ಟರಲ್ಲಿ ಸಾರಿದ ಮೇಲೆ, ಕಾರ್ಲ್ಸ್‌ರೂಹ ನಗರವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿದೆ ಎಂಬುದು ತಿಳಿದುಬರುತ್ತದೆ. ಇನ್ನು ಬ್ಲಾಕ್ಡ್ ಅಕೌಂಟ್ ಎಂದರೆ, 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಲೆಕ್ಕದಂತೆ ವರ್ಷಕ್ಕೆ 11,904 ಯೂರೋಗಳನ್ನು ವಿದ್ಯಾರ್ಥಿಯು ತನ್ನದೇ ಹೆಸರಿನಲ್ಲಿ ಕಟ್ಟಿಟ್ಟು, ತಿಂಗಳಿಗೆ 992ರಂತೆ ತಾನೇ ಪಡೆಯುವ ವ್ಯವಸ್ಥೆ. ಕೊಡುವವನೂ ಪಡೆಯುವವನೂ ಒಬ್ಬನೇ ಆದುದರಿಂದ ಇದು ಅದ್ವೈತವೆಂದು ಒಂದು ಪಕ್ಷ. ಹಣವು ಮೂಲತಃ ಊರಿನ ಬ್ಯಾಂಕಿನ ಶಿಕ್ಷಣ ಸಾಲವಾಗಿದ್ದು, ಸಾಲಿಗನಿಗೂ ಬ್ಯಾಂಕಿಗೂ ಇರುವ ಭೇದವು ನಿತ್ಯವೂ ಸತ್ಯವೂ ಆಗಿರುವುದರಿಂದ ದ್ವೈತವೇ ಸಾಧುವೆಂದು ಇನ್ನೊಂದು ಪಕ್ಷ. ಮನೆಯ ಪತ್ರವನ್ನು ಅಡವಿಟ್ಟ ತಂದೆಯರು ಎರಡನೆಯ ಪಕ್ಷದವರು.

ಇಲ್ಲಿ ಪೂರ್ವಪಕ್ಷವೊಂದು ಎದುರಾಗುತ್ತದೆ. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು, ನೇತ್ರಾವತಿ ತೀರದ ಜೇಡಿಮಣ್ಣನ್ನು ಮಾರಾಟದ ಸರಕಾಗಿಸಿದಾಗ ಈ ಪದವಿ ಹುಟ್ಟಿಯೇ ಇರಲಿಲ್ಲ; ಇಂಜಿನಿಯರಿಂಗೂ ವ್ಯಾಪಾರವೂ ಅಲ್ಲಿಯವರಿಂದಲೇ ಇಲ್ಲಿ ಒಂದೇ ಆವಿಗೆಯಲ್ಲಿ ಬೆಂದಿರುವಾಗ, ಅದನ್ನು ಕಲಿಯಲು ಇಲ್ಲಿಯವರು ಅಲ್ಲಿಗೆ ಹೋಗುವುದೇಕೆ? ಇದಕ್ಕೆ ಸಿದ್ಧಾಂತಿಯ ಉತ್ತರ ಸರಳ: ಹಂಚು ಮಾಡಲು ಮಣ್ಣು ಸಾಕು, ಕೆಲಸದ ಅರ್ಜಿ ಹಾಕಲು ಪದವಿಯೇ ಬೇಕು.

ಪ್ರಯೋಜನ: ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳ ವಾಸಾನುಮತಿ ದೊರೆಯುತ್ತದೆ; ಇದು ದೃಷ್ಟಫಲ. ಅದೃಷ್ಟಫಲವೆಂದರೆ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಮುದ್ರಣವಾಗುವ ‘ಎಂ.ಎಸ್., ಜರ್ಮನಿ’ ಎಂಬ ಎರಡು ಪದ. ಆರಂಭದಲ್ಲಿ ಎತ್ತಿದ ಶಂಕೆಗೆ ಪರಿಹಾರ ಇಲ್ಲಿಯೇ ಇದೆ. ಅರಿಸಮಾಸವನ್ನು ನಿಷೇಧಿಸಿದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗೆ ವಿನಾಯಿತಿ ಕೊಟ್ಟಿರುವುದರಿಂದ, ಬಿರುದಾಗಿಯೇ ಬಳಕೆಯಾಗುವ ಈ ಪದವಿಯಲ್ಲಿ ಸಮಾಸದೋಷವಿಲ್ಲವೆಂದು ನಿರ್ಣಯಿಸಲಾಗಿದೆ. ಸಾಲದ ಬಡ್ಡಿಗೆ ಮಾತ್ರ ಆಗಮವುಂಟು, ಲೋಪವಿಲ್ಲ.